ಉಸಿರಿದ್ದ ಕಡಲಿನ ಕಲ್ಲು

“ಗುರುಗಳೇ, ಗದರಿಸಿ ಕೇಳಿದರೆ ನಿಜ ಬೇಗ ಹೊರಬರುವುದಿಲ್ಲವೇ?” ಎಂದು ಶಿಷ್ಯ ಕೇಳಿದ. ಮಠದ ಉಗ್ರಾಣದಲ್ಲಿ ಕಳವಾಗಿತ್ತು. ಅನುಮಾನದ ಮೇಲೆ ಅಡುಗೆಯವನನ್ನು ಅವನು ಕೋಣೆಯಲ್ಲಿ ಕೂಡಿಹಾಕಿ ಬಂದಿದ್ದ.

ಗುರುಗಳು ಹೇಳಿದರು:

ಒಂದೂರಿನವರು ಸುಣ್ಣ ಸುಟ್ಟು ಬದುಕುತ್ತಿದ್ದರು. ಒಂದು ಕಾಲಕ್ಕೆ ಜೀವವಿದ್ದ ಕಲ್ಲನ್ನು ಅವರು ಭಟ್ಟಿಗೆ ಹಾಕುತ್ತಿರಲಿಲ್ಲ. ಗುಡ್ಡ ಅಗೆಯುವಾಗ ಒಂದು ಹಾಸು ಸಿಕ್ಕಿತು. ಅದರ ತುಂಬ ಮುಚ್ಚಿದ ಕಣ್ಣುಗಳಂಥ ಉಬ್ಬುಗಳು. ಕೂಲಿಗಳು ಅದಕ್ಕೆ ಬಟ್ಟೆ ಹೊದಿಸಿದರು. ಕಲ್ಲು ಪರೀಕ್ಷಿಸುವವನೊಬ್ಬನನ್ನು ಕರೆಸಿದರು.

ಅವನ ವಿದ್ಯೆ ಇಷ್ಟು. ಆ ಸುಣ್ಣಕಲ್ಲು ಹಳೆಯ ಕಡಲಿನ ತಳ. ಕಡಲಿನಲ್ಲಿದ್ದ ವಿರಳ ಲೋಹಗಳು ಅದರಲ್ಲಿ ಎಳ್ಳಿನ ಮೊನೆಗಿಂತ ಕಡಿಮೆ ಉಳಿದಿರುತ್ತವೆ, ಒಡಹುಟ್ಟಿದವರಂತೆ ಒಟ್ಟಿಗೆ. ನೀರಿನಲ್ಲಿ ಪ್ರಾಣವಾಯು ಇದ್ದರೆ ಸೀರಿಯಂ ಎಂಬ ಒಂದು ಮಾತ್ರ ಗುಂಪು ಬಿಡುತ್ತದೆ. ಕಲ್ಲಿನಲ್ಲಿ ಅದರ ಪಾಲು ಕಡಿಮೆ ಬೀಳುತ್ತದೆ. ಬೀಳದಿದ್ದರೆ ಅದು ಉಸಿರಿಲ್ಲದ ಕಡಲು. ಅಲ್ಲಿ ಉಬ್ಬು ಬರೀ ಉಬ್ಬು, ಜೀವದ ಗುರುತಲ್ಲ.

ಭಟ್ಟಿಯ ಮೇಸ್ತ್ರಿ ನಕ್ಕ. “ಏನ್ರೀ ಸಾಹೇಬ್ರ, ಕಲ್ಲಿನ ನಾಡಿ ಸಿಕ್ತೋ ಇಲ್ಲೋ? ಭಟ್ಟಿ ತುಂಬಬೇಕ್ರಿ.”

ಪರೀಕ್ಷಿಸುವವನಿಗೆ ಅವಮಾನವಾಯಿತು. ಮೆಲ್ಲನೆ ಕರಗಿಸುವ ಹುಳಿಯನ್ನು ಬಿಟ್ಟು, ಬೋಗುಣಿಯಲ್ಲಿದ್ದ ಕಲ್ಲಿನ ಚೂರಿಗೆ ಕಟುವಾದ ಆಮ್ಲ ಸುರಿದ. ಕಲ್ಲು ಕ್ಷಣದಲ್ಲಿ ಕರಗಿತು. ಅಳೆದು ನೋಡಿದ. ಸೀರಿಯಂ ಕಡಿಮೆಯಿರಲಿಲ್ಲ.

“ಇಲ್ಲಿ ಏನೂ ಬದುಕಿರಲಿಲ್ಲ. ಸುಡಿ,” ಎಂದ.

ಹಾಸನ್ನು ಒಡೆದು ಭಟ್ಟಿಗೆ ತುಂಬಿದರು. ಬೋಗುಣಿ ತೊಳೆಯಲು ಬಂದ ಮುದುಕಿ ಅದರೊಳಗೆ ಇಣುಕಿದಳು.

“ಯಪ್ಪಾ, ನಮ್ಮ ಕಲ್ಲಿನಾಗ ಮಣ್ಣು ಇರ್ತದ. ಅದೆಲ್ಲಿ ಹೋತು?”

ಅವನು ಬೋಗುಣಿಯನ್ನು ಬಾಗಿಸಿ ತಳ ನೋಡಿದ. ಕಟು ಆಮ್ಲಕ್ಕೆ ಕಲ್ಲಿನೊಳಗಿನ ಜೇಡಿಮಣ್ಣೂ ಕರಗಿತ್ತು. ಜೇಡಿಮಣ್ಣಿನಲ್ಲಿ ಸೀರಿಯಂ ಎಂದೂ ಕಡಿಮೆಯಿರುವುದಿಲ್ಲ. ಅವನು ಕೇಳಿದ್ದು ಕಡಲನ್ನು, ಉತ್ತರ ಕೊಟ್ಟದ್ದು ಮಣ್ಣು.

ಉಳಿದ ಇನ್ನೊಂದು ಚೂರನ್ನು ತೆಳುವಾದ ಹುಳಿಯಲ್ಲಿ ಇಟ್ಟು ಕಾದ. ಮಣ್ಣು ತಳದಲ್ಲಿ ಹಾಗೇ ಕೂತಿತು. ಮೇಲಿನ ತಿಳಿಯನ್ನು ಅಳೆದ. ಸೀರಿಯಂ ಅರ್ಧಕ್ಕರ್ಧ ಕಡಿಮೆಯಿತ್ತು. ಆ ಕಡಲಿಗೆ ಉಸಿರಿತ್ತು.

ಭಟ್ಟಿಯ ಕಡೆಗೆ ಓಡಿದ. ಬೆಂಕಿ ಹಿಡಿದಾಗಿತ್ತು. ಕೂಲಿಗಳು ದೂರ ನಿಂತಿದ್ದರು. ಮೇಸ್ತ್ರಿಯೂ ನಗುತ್ತಿರಲಿಲ್ಲ. ಕಲ್ಲುಗಳ ನಡುವಿನಿಂದ ಉಸಿರು ಬರುತ್ತಿತ್ತು. ಉದ್ದನೆಯ ಉಸಿರು. ಹೊರಗೆ ಬರುತ್ತಲೇ ಇತ್ತು, ಒಮ್ಮೆಯೂ ಒಳಗೆ ಹೋಗಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆ ಸುಣ್ಣವನ್ನು ಏನು ಮಾಡಿದರು?”

“ನೀನು ಒರಗಿ ಕೂತಿರುವ ಗೋಡೆಗೆ ನಾನೇ ಬಳಿದೆ, ಆಮ್ಲ ಸುರಿದ ಇದೇ ಕೈಯಿಂದ.”