ಹೆಬ್ಬಾತಮ್ಮನ ಅಭ್ಯಾಸ

"ಟಿಟ್ಟಿಭಣ್ಣಾ, ನಮ್ಮ ಬಾತುಗಳು ಚಳಿಗಾಲ ಕಳೆಯುವ ದೊಡ್ಡ ಕೆರೆಗೆ ದಾರಿ ಯಾವುದು?"

ಹಿಮಾಲಯ ದಾಟಿ ಬಂದ ಹೆಬ್ಬಾತಮ್ಮ ಶೇಂಗಾ ಹೊಲದಲ್ಲಿಳಿದು, ಅಲ್ಲೇ ಗೂಡು ಮಾಡಿಕೊಂಡಿದ್ದ ಟಿಟ್ಟಿಭ ಹಕ್ಕಿಯನ್ನು ಬಳಗಕ್ಕೆ ಕೇಳಿಸದಂತೆ ಮೆಲ್ಲಗೆ ವಿಚಾರಿಸಿದಳು. ಬಳಗವೆಲ್ಲ ರೆಕ್ಕೆ ಸೋತು, ನೀರಿಲ್ಲದೆ ಬಾಯಿ ತೆರೆದು ಕೂತಿತ್ತು. ಹಳೆಯ ಮುಂದಾಳು ತೀರಿಕೊಂಡ ಮೇಲೆ, "ಹನ್ನೆರಡು ವರ್ಷದ ಅಭ್ಯಾಸ ನನ್ನದು, ಕಣ್ಣು ಮುಚ್ಚಿಕೊಂಡು ಕರೆದೊಯ್ಯುತ್ತೇನೆ" ಎಂದು ಹೊರಟವಳು ಅವಳೇ.

"ಹನ್ನೆರಡು ವರ್ಷವೂ ಏನು ನೋಡುತ್ತ ಬಂದಿರಿ ತಾಯಿ?" ಎಂದ ಟಿಟ್ಟಿಭ.

ಹೆಬ್ಬಾತಮ್ಮ ತಡವರಿಸಿದಳು. "ಮುಂದಿನವರ ಬಾಲ."

"ಹಾಗಾದರೆ ಬಾಲ ನೋಡುವುದರಲ್ಲಿ ನೀವು ಪಂಡಿತೆ! ನಾನು ಈ ಹೊಲ ಬಿಟ್ಟು ಹೋದವನಲ್ಲ, ಕೆರೆ ಕಾಣೆ. ನೆಲ ನೋಡಿಕೊಂಡು ಬಂದವರು ನಿಮ್ಮಲ್ಲಿ ಯಾರೂ ಇಲ್ಲವೇ?"

ಇದ್ದಳು, ಅವಳ ನಾದಿನಿ. ಹಳ್ಳ, ಗುಡ್ಡ ನೋಡುತ್ತ ಸಾಲು ಕೆಡಿಸುತ್ತಾಳೆಂದು ಆಕೆಯನ್ನು ಪ್ರತಿ ವರ್ಷ ಎಲ್ಲರೆದುರು ಗೇಲಿ ಮಾಡಿ ಸಾಲಿನ ಕೊನೆಗೆ ಅಟ್ಟುತ್ತಿದ್ದವಳು ಹೆಬ್ಬಾತಮ್ಮನೇ. ಈಗ ಕಾಲೆಳೆಯುತ್ತ ಆಕೆಯ ಬಳಿ ಹೋದಳು.

"ತಂಗೀ, ದಾರಿ ಗೊತ್ತೇನೇ?"

"ಗೊತ್ತು ಅತ್ತಿಗೆ. ಎರಡು ಹಳ್ಳದ ಹಿಂದೆಯೇ ತಪ್ಪಿದೆವು."

"ಆಗಲೇ ಹೇಳಬಾರದಿತ್ತೇ?"

"ಕೊನೆಯವರು ಬಾಯಿ ಬಿಡಬಾರದು ಅಂದವರು ನೀವೇ ಅಲ್ಲವೇ?"

ಹೆಬ್ಬಾತಮ್ಮನಿಗೆ ತಲೆಯೆತ್ತಲಾಗಲಿಲ್ಲ. ಆದರೂ ಬಳಗವನ್ನೆಲ್ಲ ಹತ್ತಿರ ಕರೆದಳು. ಗೇಲಿ ಮಾಡಿದ್ದು ಎಲ್ಲರೆದುರಾದ್ದರಿಂದ ತಪ್ಪೊಪ್ಪಿಗೆಯೂ ಎಲ್ಲರೆದುರೇ ಸಲ್ಲಬೇಕಿತ್ತು.

"ತಪ್ಪು ನನ್ನದು, ತಂಗಿ. ಹನ್ನೆರಡು ವರ್ಷದಿಂದ ನಿನಗೆ ಬಾಕಿ ಉಳಿಸಿಕೊಂಡ ಮಾತಿದು" ಎಂದು ನಾದಿನಿಯ ಮುಂದೆ ಕತ್ತನ್ನು ಮಣ್ಣಿಗೆ ತಾಗಿಸಿ, ಸಾಲಿನ ಕೊನೆಗೆ ಹೋಗಿ ನಿಂತಳು.