ಪಟ್ಟಿಯಲ್ಲಿ ಸತ್ತ ಯಂತ್ರ

“ಬುದ್ಧೀ, ಎಲ್ಲಾ ಕಂಪ್ಯೂಟರುಗಳ ಕಾವಲನ್ನೂ ಒಂದೇ ಕಡೆಯಿಂದ ನೋಡಿಕೊಳ್ಳೋ ಹಾಗೆ ಮಾಡಿಬಿಟ್ಟರೆ, ನೋಡಿಕೊಳ್ಳೋನು ನೆಮ್ಮದಿಯಾಗಿ ಇರಬಹುದಾ?”

ಕೇಳಿದವನು ಮರುಳಸಿದ್ಧ. ಮಠದ ಆಸ್ಪತ್ರೆಯ ಕಂಪ್ಯೂಟರುಗಳ ಉಸ್ತುವಾರಿ ಅವನದು. ಇಡೀ ಆಸ್ಪತ್ರೆಗೆ ಯಾವ ಆಂಟಿವೈರಸ್ ತರಬೇಕೆಂದು ಸೋಮವಾರದೊಳಗೆ ಅವನು ಹೇಳಬೇಕಿತ್ತು. ಮೂರು ಕಂಪನಿಗಳ ಕಾಗದಗಳನ್ನು ಎದೆಗೆ ಒತ್ತಿಕೊಂಡು ಬಂದಿದ್ದ. ಎರಡು ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ತಪ್ಪಾಗಿ ಆರಿಸಿದರೆ ರೋಗಿಗಳ ಗತಿ ಏನೆಂಬ ಹೆದರಿಕೆ ಅವನ ಮುಖದಲ್ಲೇ ಇತ್ತು.

ಮಠದ ಸ್ವಾಮಿಗಳಾದ ಬುದ್ಧಿಯವರು ಕಾಗದಗಳನ್ನು ಮುಟ್ಟಲಿಲ್ಲ. ಕೂತುಕೋ ಎಂದು ಸನ್ನೆ ಮಾಡಿ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯ ರಕ್ತನಿಧಿ ನಡೆಸುತ್ತಿದ್ದ. ದಾನಿಗಳು ಕೊಟ್ಟ ರಕ್ತ ಚೀಲಗಳಲ್ಲಿ ತುಂಬಿ ತಣ್ಣನೆಯ ಕೋಣೆಯಲ್ಲಿರುತ್ತಿತ್ತು. ಪ್ರತಿ ಚೀಲಕ್ಕೂ ಒಂದು ಸಂಖ್ಯೆ. ಆ ಸಂಖ್ಯೆಯ ರಕ್ತದಲ್ಲಿ ರೋಗವಿದೆಯೋ ಇಲ್ಲವೋ ಎಂಬ ಪರೀಕ್ಷೆಯ ಫಲ ಕಂಪ್ಯೂಟರಿನಲ್ಲಿ. ಕಂಪ್ಯೂಟರು ಹೇಳದೆ ಯಾವ ಚೀಲವೂ ಬಾಗಿಲು ದಾಟುವಂತಿರಲಿಲ್ಲ.

ಅಲ್ಲಿ ಯಾರ ಕಂಪ್ಯೂಟರಿಗೆ ಅವರೇ ಕಾವಲು. ಪ್ರತಿಯೊಂದರಲ್ಲೂ ಬೇರೆ ಬೇರೆ ಆಂಟಿವೈರಸ್ ಇತ್ತು. ಅದು ಆಗಾಗ ಎದ್ದು, ಹೊಸ ವೈರಸ್ಸುಗಳು ಹುಟ್ಟಿವೆ, ನನ್ನನ್ನು ಅಪ್‌ಡೇಟ್ ಮಾಡು ಎಂದು ಕೇಳುತ್ತಿತ್ತು. ಆದರೆ ಕಿಟಕಿಯ ಬಳಿ ರಕ್ತಕ್ಕಾಗಿ ಜನ ನಿಂತಿರುತ್ತಿದ್ದರು. ಕೆಲಸಗಾರರು ‘ಆಮೇಲೆ’ ಎಂಬ ಗುಂಡಿ ಒತ್ತುತ್ತಿದ್ದರು. ಒಬ್ಬಾಕೆ ಅದನ್ನು ಹದಿನಾಲ್ಕು ತಿಂಗಳು ಒತ್ತಿದ್ದಳು. ನಮ್ಮ ಹಿರಿಯರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದುದು ದೆವ್ವಕ್ಕೆ. ಇವರು ಕಾವಲುಗಾರನಿಗೇ ನಾಳೆ ಬಾ ಎಂದರು.

ಹೀಗಿರುವಾಗ ಪಕ್ಕದ ಜಿಲ್ಲೆಯ ಒಂದು ರಕ್ತನಿಧಿಗೆ ವೈರಸ್ಸು ನುಗ್ಗಿ ದಾಖಲೆಗಳಿಗೆಲ್ಲ ಬೀಗ ಹಾಕಿತು. ಅದೇ ದಿನ ಅಲ್ಲಿ ಒಬ್ಬ ಬಾಣಂತಿಗೆ ರಕ್ತಸ್ರಾವವಾಯಿತು. ಅವಳಿಗೆ ಹೊಂದುವ ರಕ್ತ ಗಾಜಿನ ಬಾಗಿಲ ಹಿಂದೆಯೇ ಇತ್ತು. ಅದು ಶುದ್ಧ ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಅವಳ ಗಂಡ ಆ ಬಾಗಿಲಿಗೆ ಹಣೆ ಒತ್ತಿ ನಿಂತಿದ್ದನಂತೆ. ಬೇರೆ ಊರಿಂದ ಕಾರಿನಲ್ಲಿ ರಕ್ತ ತರಿಸಿದರು. ಕೂದಲೆಳೆಯಲ್ಲಿ ಬದುಕಿದಳು.

ಸುದ್ದಿ ಈ ವೈದ್ಯನ ಕಿವಿಗೂ ಬಿತ್ತು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂದುಕೊಂಡು, ಕಾವಲಿಗೆ ಒಬ್ಬನನ್ನೇ ಉಸ್ತುವಾರಿಯಾಗಿ ನೇಮಿಸಿದ. ಅವನೂ ನಿನ್ನ ಹಾಗೆಯೇ ಮೂರು ಕಂಪನಿಗಳವರನ್ನು ಕರೆಸಿದ. ನಮ್ಮಷ್ಟು ವೈರಸ್ಸು ಹಿಡಿಯುವವರಿಲ್ಲ ಎಂದ ಮೊದಲನೆಯವನು. ನಮ್ಮದು ಕಂಪ್ಯೂಟರನ್ನು ನಿಧಾನ ಮಾಡುವುದಿಲ್ಲ ಎಂದ ಎರಡನೆಯವನು. ಮೂರನೆಯವನು ಒಂದು ಪರದೆ ತೋರಿಸಿದ. ಎಲ್ಲ ಯಂತ್ರಗಳೂ ಅದರಲ್ಲಿ ಸಾಲಾಗಿ ಕಾಣುತ್ತಿದ್ದವು. ಕ್ಷೇಮವಾಗಿದ್ದರೆ ಹಸಿರು, ಕೆಟ್ಟರೆ ಕೆಂಪು. ಅಪ್‌ಡೇಟು ಅಲ್ಲಿಂದಲೇ ಹೋಗುತ್ತಿತ್ತು. ‘ಆಮೇಲೆ’ ಎನ್ನಲು ಯಾರಿಗೂ ಗುಂಡಿಯಿರಲಿಲ್ಲ. ಹೊರಗಿನ ಪೆನ್ ಡ್ರೈವ್ ಹಾಕಿದರೆ ಯಂತ್ರ ಒಪ್ಪುತ್ತಿರಲಿಲ್ಲ.

ಉಸ್ತುವಾರಿಯವನು ಮೂರನೆಯದನ್ನು ಆರಿಸಿದ. ಅವನ ಆಯ್ಕೆ ತಪ್ಪಲ್ಲ ಮರುಳಸಿದ್ಧ, ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಆರಿಸುತ್ತಿದ್ದೆ.

ಕಚೇರಿಯ ಸಾಮಾನಿನ ಪಟ್ಟಿ ಹಿಡಿದು ಒಂದೊಂದೇ ಯಂತ್ರವನ್ನು ಪರದೆಗೆ ಸೇರಿಸಿದ. ಮೂವತ್ತಾದವು. ಮೂವತ್ತೂ ಹಸಿರು. ವೈದ್ಯ ದಿನವೂ ಬೆಳಿಗ್ಗೆ ಬಂದವನೇ ಹಸಿರೇನಯ್ಯಾ ಎಂದು ಕೇಳುವನು. ಹಸಿರು ಸಾರ್ ಎಂದು ಇವನು ಹೇಳುವನು. ಆದರೂ ಉಸ್ತುವಾರಿಯವನ ಭಯ ಹೋಗಲಿಲ್ಲ, ಜಾಗ ಬದಲಿಸಿತು ಅಷ್ಟೆ. ಮೊದಲು ಯಂತ್ರಗಳಿಗೆ ಹೆದರುತ್ತಿದ್ದವನು ಈಗ ಪರದೆಗೆ ಹೆದರತೊಡಗಿದ. ಗಂಟೆಗೆ ನಾಲ್ಕು ಸಲ ನೋಡುವನು. ತಂಗಿಯ ಮದುವೆಯಲ್ಲಿ ಧಾರೆ ಎರೆಯುವಾಗಲೂ ಮೊಬೈಲಿನಲ್ಲಿ ಹಸಿರನ್ನು ನೋಡುತ್ತಿದ್ದ. ಪರದೆ ನೋಡುವುದೇ ಕಾವಲು ಎಂದು ಅವನಿಗೆ ಅಭ್ಯಾಸವಾಗಿಹೋಯಿತು. ಎದ್ದು ಕೋಣೆಗಳನ್ನು ಸುತ್ತಿ ಬರುವುದನ್ನು ಬಿಟ್ಟುಬಿಟ್ಟ.

ಆಯುಧಪೂಜೆ ಬಂತು. ಕಸ ಗುಡಿಸುವ ಹೆಂಗಸು ಯಂತ್ರಗಳನ್ನೆಲ್ಲ ಒರೆಸಿ, ಕುಂಕುಮ ಇಟ್ಟು ಹೂ ಮುಡಿಸುವುದು ಅಲ್ಲಿನ ಪದ್ಧತಿ. ಸೇವಂತಿಗೆ ಮಾಲೆಯನ್ನು ಎಷ್ಟು ತುಂಡು ಮಾಡಲಿ ಎಂದು ಕೇಳಿದಳು. ಉಸ್ತುವಾರಿಯವನು ಪರದೆ ನೋಡಿ ಮೂವತ್ತು ಎಂದ. ಸ್ವಲ್ಪ ಹೊತ್ತಿಗೆ ಅವಳು ಬರಿಗೈಯಲ್ಲಿ ವಾಪಸು ಬಂದಳು.

“ಸಾ, ಒಂದು ತುಂಡು ಸಾಲ್ದು.”

“ಟೀವಿಗೂ ಮುಡಿಸಿರ್ತೀಯ, ನೋಡಮ್ಮ.”

“ಟೀವಿಗೆ ಬರೀ ಕುಂಕುಮ ಇಟ್ಟೆ ಸಾ. ತಣ್ಣನೆ ರೂಮಿನ ಹಿಂದೆ ಒಂದು ಹಳೇದೈತಲ್ಲ, ಅದಕ್ಕಿಲ್ಲ. ಹಬ್ಬದ ದಿವಸ ಅದೊಂದನ್ನ ಬೋಳಾಗಿ ಬಿಡಕಾಯ್ತದಾ?”

ಅವನು ಎದ್ದ ರಭಸಕ್ಕೆ ಕುರ್ಚಿ ಬಿತ್ತು. ತಣ್ಣನೆಯ ಕೋಣೆಯ ಹಿಂದೆ, ಕಪಾಟಿನ ಸಂದಿಯಲ್ಲಿ ಹಳೆಯ ಕಂಪ್ಯೂಟರು ಗುಂಯ್ ಎನ್ನುತ್ತಾ ಕೂತಿತ್ತು. ಮೂರು ವರ್ಷದ ಹಿಂದೆ ಅದನ್ನು ಗುಜರಿ ಎಂದು ಪಟ್ಟಿಯಿಂದ ಹೊಡೆದುಹಾಕಿದ್ದರು. ಆದರೆ ಚೀಲಗಳಿಗೆ ಸಂಖ್ಯೆಯ ಚೀಟಿ ಅಚ್ಚು ಹಾಕುವ ಯಂತ್ರ ಹೊಸ ಕಂಪ್ಯೂಟರಿನ ಮಾತು ಕೇಳಲಿಲ್ಲ. ಕೆಲಸ ನಿಲ್ಲಬಾರದಲ್ಲ, ಚೀಟಿ ಅಂಟಿಸುವ ಹುಡುಗಿಯರು ಹಳೆಯದನ್ನೇ ಸದ್ದಿಲ್ಲದೆ ಇಟ್ಟುಕೊಂಡಿದ್ದರು. ಪಟ್ಟಿಯಲ್ಲಿ ಸತ್ತಿತ್ತು, ಕೋಣೆಯಲ್ಲಿ ಬದುಕಿತ್ತು. ಉಳಿದ ಮೂವತ್ತಿರುವ ಜಾಲಕ್ಕೇ ಅದರ ತಂತಿಯೂ ಸೇರಿತ್ತು.

ಇನ್ನೂ ಒಂದು ಸಂಗತಿ ಅವನಿಗೆ ಆಗಲೇ ತಿಳಿಯಿತು. ಕಾಲೇಜುಗಳಲ್ಲಿ ರಕ್ತದಾನ ಶಿಬಿರ ನಡೆದಾಗ ದಾನಿಗಳ ಹೆಸರುಗಳು ಪೆನ್ ಡ್ರೈವಿನಲ್ಲಿ ಬರುತ್ತಿದ್ದವು. ಮೂವತ್ತು ಯಂತ್ರಗಳು ಪೆನ್ ಡ್ರೈವ್ ಬೇಡವೆಂದ ಮೇಲೆ, ಎಲ್ಲರೂ ಅವನ್ನು ತಂದು ಈ ಹಳೆಯದಕ್ಕೇ ಚುಚ್ಚುತ್ತಿದ್ದರು. ಇವನು ಮೂವತ್ತು ಬಾಗಿಲು ಮುಚ್ಚಿದ್ದ. ಊರಿನ ಧೂಳೆಲ್ಲ ಮೂವತ್ತೊಂದನೆಯದರಿಂದ ಒಳಗೆ ಬರುತ್ತಿತ್ತು.

ಅವನು ತಂತಿ ಕಿತ್ತ. ಬಲ್ಲವರನ್ನು ಕರೆಸಿ ಶೋಧಿಸಿದ. ಒಳಗೆ ಏಳು ವೈರಸ್ಸುಗಳಿದ್ದವು. ಆರು ಬರೀ ಕೀಟಲೆಯವು. ಏಳನೆಯದು ಪಕ್ಕದ ಜಿಲ್ಲೆಯಲ್ಲಿ ಬೀಗ ಹಾಕಿದ ಜಾತಿಯದೇ. ಅದು ಇನ್ನೂ ಯಾಕೆ ಎದ್ದಿರಲಿಲ್ಲವೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಆ ದಿನ ತಣ್ಣನೆಯ ಕೋಣೆಯಲ್ಲಿ ಇನ್ನೂರು ಚೀಲ ರಕ್ತವಿತ್ತು. ಹೊರಗೆ ಬೆಂಚಿನ ಮೇಲೆ ಐದು ಮನೆಯವರು ಕಾಯುತ್ತಿದ್ದರು.

ವೈದ್ಯ ಓಡಿ ಬಂದು, ಪರದೆ ಇದನ್ನು ಕೆಂಪು ತೋರಿಸಲಿಲ್ಲವೇ ಎಂದು ಕೇಳಿದ. ತೋರಿಸಲಿಲ್ಲ ಎಂದ ಉಸ್ತುವಾರಿಯವನು. ಕೆಂಪು ತೋರಿಸಬೇಕಾದರೆ ಇಂಥದ್ದೊಂದು ಇದೆ ಎಂದು ಮೊದಲು ಅದಕ್ಕೆ ಯಾರಾದರೂ ಹೇಳಿರಬೇಕು. ಹೇಳಬೇಕಾದವನು ತಾನೇ ಎಂದು ಹೇಳುವಷ್ಟರಲ್ಲಿ ಅವನಿಗೆ ಅಳು ಬಂದಿತ್ತು.

ಇಷ್ಟು ಹೇಳಿ ಬುದ್ಧಿಯವರು ನಿಲ್ಲಿಸಿದರು.

ಮರುಳಸಿದ್ಧ ನಿಟ್ಟುಸಿರು ಬಿಟ್ಟ. ಅವನ ಮುಖಕ್ಕೆ ಒಂದಿಷ್ಟು ಕಳೆ ಬಂದಿತು. ಒಂದೇ ಪರದೆಯಿಂದ ನೋಡುವುದನ್ನೇ ತರುತ್ತೇನೆ, ಒಂದು ಯಂತ್ರವನ್ನೂ ಹೊರಗೆ ಬಿಡುವುದಿಲ್ಲ ಎಂದ. ಎಷ್ಟು ಯಂತ್ರಗಳಿಗೆ ಬೇಕೆಂದು ಕಚೇರಿಯ ಪಟ್ಟಿ ನೋಡಿ ಆಗಲೇ ಬರೆದುಕೊಂಡಿರುವುದಾಗಿಯೂ ಹೇಳಿ, ಕಾಗದವನ್ನು ಮುಂದೆ ಹಿಡಿದ.

“ಎಷ್ಟು?” ಎಂದು ಕೇಳಿದರು ಬುದ್ಧಿಯವರು.

“ಅರವತ್ತನಾಲ್ಕು ಬುದ್ಧೀ.”

“ಎಣಿಸಿದವರು ಯಾರಪ್ಪ?”

ಮರುಳಸಿದ್ಧ ಕಾಗದವನ್ನು ಮೆಲ್ಲಗೆ ಮಡಚಿದ.