ಬೀರುವಿನಲ್ಲಿ ಕ್ಷೇಮ

ಹೆಣ್ಣುಮಕ್ಕಳ ಶಾಲೆಯೊಂದರ ಗಾಜಿನ ಬೀರುವಿನಲ್ಲಿ ಒಂದು ಭೂತಗನ್ನಡಿ ಮಲಗಿತ್ತು. ಬಂದ ದಿನದಿಂದ ಅದು ಒಂದು ಇರುವೆಯನ್ನೂ ಕಂಡಿರಲಿಲ್ಲ ಅಂದರೆ ನೋಡಿ! ಪಕ್ಕದ ಸೀಸೆಯೊಳಗೆ, ಔಷಧಿ ನೀರಿನಲ್ಲಿ, ಸತ್ತ ಕಪ್ಪೆಯೊಂದು ಬಿಳಿಗಣ್ಣು ಬಿಟ್ಟುಕೊಂಡು ತೇಲುತ್ತಿತ್ತು.

ಶನಿವಾರ ಮೂರನೇ ತರಗತಿಯ ವಾರಿಜ ಬಟ್ಟೆ ಹಿಡಿದು ಬಂದಳು. "ಚೆನ್ನಾಗಿ ಒರೆಸು ಮಾರಾಯ್ತಿ, ಆದರೆ ಏನನ್ನೂ ಮುಟ್ಟಬೇಡ!" ಎಂದು ಮಾಸ್ತರರು ಕೂಗಿ ಹೇಳಿ ಆಚೆ ಹೋದರು.

"ತಂಗೀ, ನನ್ನನ್ನು ಎತ್ತಿಕೋ" ಎಂದು ಕನ್ನಡಿ ಪಿಸುಗುಟ್ಟಿತು.

"ಸುಮ್ಮನಿರು" ಎಂದಿತು ಕಪ್ಪೆ. "ಮಕ್ಕಳ ಕೈಗೆ ಹೋದವರು ಒಡೆಯುತ್ತಾರೆ. ನನ್ನನ್ನು ನೋಡು, ಒಂದು ಗೀರೂ ಇಲ್ಲ."

"ನಿನಗೆ ಉಸಿರೂ ಇಲ್ಲವಲ್ಲ, ಅಣ್ಣಾ!"

"ಇಲ್ಲಿ ಅದರ ಅಗತ್ಯ ಬೀಳುವುದಿಲ್ಲ. ನಿನಗೂ ರೂಢಿಯಾಗುತ್ತದೆ."

ಕನ್ನಡಿ ತನ್ನನ್ನೇ ನೋಡಿಕೊಂಡಿತು. ಧೂಳು ಕುಳಿತ ತನ್ನ ಗಾಜು ಆಗಲೇ ಕಪ್ಪೆಯ ಕಣ್ಣಿನಂತೆ ಬೆಳ್ಳಗಾಗಿತ್ತು.

ಅಷ್ಟರಲ್ಲಿ ವಾರಿಜ ಬೀರುವಿನ ಬಾಗಿಲು ತೆರೆದು ಅದನ್ನು ಒರೆಸಿದಳು. ಒರೆಸಿದ ಗಾಜಿನಲ್ಲಿ ಬಟ್ಟೆಯ ನೂಲು ಹಗ್ಗದಷ್ಟು ದಪ್ಪ ಕಂಡಿತು. "ಅಬ್ಬಬ್ಬಾ!" ಎಂದವಳೇ ಮಾಸ್ತರರ ಮಾತು ಮರೆತು, ಕನ್ನಡಿ ಹಿಡಿದು, ಬೀರುವಿನ ಬಾಗಿಲು ದೂಡಿ ಮುಚ್ಚಿ ಅಂಗಳಕ್ಕೆ ಓಡಿದಳು. ಇರುವೆಯ ಕಾಲಿನ ರೋಮ ಕಂಡು ಅವಳು ಕುಣಿದದ್ದೇ ಕುಣಿದದ್ದು! ಆ ಭರದಲ್ಲಿ ಕನ್ನಡಿ ಕೈಜಾರಿ ಅಂಚು ಮುಕ್ಕಾಯಿತು. ಅದಕ್ಕೆ ನೋವೇ ಆಗಲಿಲ್ಲ.

ಆಗ ಮುಚ್ಚಿದ ಬೀರುವಿನೊಳಗಿನಿಂದ, ಅಂಗಳಕ್ಕೂ ಕೇಳುವಂತೆ, ಟಕ್, ಟಕ್ ಎಂದು ಸದ್ದು ಬಂತು. ಕಪ್ಪೆ ತನ್ನ ಬಿಳಿ ಅಂಗೈಯನ್ನು ಸೀಸೆಗೆ ಒತ್ತಿಹಿಡಿದಿತ್ತು.

"ಮಗೂ, ನನ್ನ ಬೆರಳುಗಳನ್ನೂ ಒಮ್ಮೆ ನೋಡುತ್ತೀಯಾ?"